ಸುಸ್ತು, ಸುಸ್ತಿ, ಸುಸ್ತಿದಾರ

ಸಹಕಾರ ಸಂಘದಿಂದ ಮನೆಗೆ ಬರುವ ತಿಳುವಳಿಕೆ ಪತ್ರದ ಕನ್ನಡ ಬಲು ಮರ್ಯಾದೆಯದು. ಪಡೆದ ಬೆಳೆ ಸಾಲದ ವಾಯಿದೆ ಮೀರಿರುವುದರಿಂದ ‘ತಾವು ಸುಸ್ತಿದಾರರಾಗಿರುತ್ತೀರಿ’ ಎಂಬ ಧಾಟಿ. ಹೆಂಡತಿ ಮಕ್ಕಳಿಂದ ಹಿಡಿದು ಊರ ಹಿರಿಯರವರೆಗೆ ಯಾರೂ ‘ತಾವು’ ಎಂದು ಕರೆಯದ ಮನುಷ್ಯನನ್ನು ಆ ಕಾಗದ ಬಹುವಚನದ ಪೀಠದ ಮೇಲೆ ಕೂರಿಸುತ್ತದೆ, ಮರುಗಳಿಗೆಯಲ್ಲೇ ಸುಸ್ತಿದಾರ ಎನ್ನುತ್ತದೆ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದು ಅವನು ಜಗಲಿ ಮೇಲೆ ಕೂತರೆ ಆಚೆಮನೆಯವರು ಕೇಳುವುದು, ‘ಯಾಕ್ಲಾ, ಸುಸ್ತಾದಂಗಿದ್ದೀಯ?’

ಸಂಘದ ಕಾರ್ಯದರ್ಶಿ ಬರೆದದ್ದೂ ನೆರೆಯವರು ಕೇಳಿದ್ದೂ ಒಂದೇ ಪದ. ನಡುವೆ ಇರುವುದು ಒಂದು ಇಕಾರ, ಒಂದು ಉಕಾರ. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ಬಸ್ ಹತ್ತಿದರೆ, ಹೊಲದಿಂದ ಬಂದವರು ‘ಸುಸ್ತಾಯ್ತು’ ಅನ್ನುವುದನ್ನೂ, ಹಿಂದಿನ ಸೀಟಿನವರು ‘ಅವನ್ದು ಸುಸ್ತಿ ಆಗದೆ, ಹೊಸ ಸಾಲ ಕೊಡಲ್ವಂತೆ’ ಅನ್ನುವುದನ್ನೂ ಒಂದೇ ಪಯಣದಲ್ಲಿ ಕೇಳಬಹುದು. ಎರಡಕ್ಕೂ ನಂಟಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಒಂದು ಮೈಯ ಮಾತು, ಇನ್ನೊಂದು ಲೆಜರಿನ ಮಾತು.

ಪಾರಸಿಯ ‘ಸುಸ್ತ್’ ಎಂದರೆ ಸಡಿಲ, ಬಿಗಿಯಿಲ್ಲದ್ದು, ಬಲಗುಂದಿದ್ದು. ಅದರ ಭಾವರೂಪ ‘ಸುಸ್ತೀ’. ಇಂಡಿಯಾಕ್ಕೆ ಬಂದ ಮೇಲೆ ಪದ ಊರಿಗೊಂದು ಬುದ್ಧಿ ಕಲಿಯಿತು. ಹಿಂದಿ, ಉರ್ದು, ಮರಾಠಿಗಳಲ್ಲಿ ಅದು ಸೋಮಾರಿತನ. ಅಲ್ಲಿ ಯಾರನ್ನಾದರೂ ಸುಸ್ತ್ ಎಂದರೆ ಬೈದ ಹಾಗೆ. ತೆಲುಗಿಗೆ ಹೋಗಿ ಅದು ಕಾಯಿಲೆಯಾಯಿತು. ಅಲ್ಲಿ ಸುಸ್ತಿ ಮಾಡಿತು ಎಂದರೆ ಮೈಗೆ ಹುಷಾರಿಲ್ಲ, ಯಾರಾದರೂ ನೋಡಿಕೊಂಡು ಬರಬೇಕು. ಕನ್ನಡದ ಮನೆಮಾತಿಗೆ ಬಂದದ್ದು ದಣಿವಾಗಿ. ಗಮನಿಸಬೇಕಾದ್ದು ಇದು: ಕನ್ನಡದ ಸುಸ್ತಿನಲ್ಲಿ ಸೋಮಾರಿತನದ ಸೋಂಕೇ ಇಲ್ಲ. ಸೋಮಾರಿಗೆ ನಾವು ಮೈಗಳ್ಳ ಎನ್ನುತ್ತೇವೆ. ಸುಸ್ತಾಗಬೇಕಾದರೆ ಮೊದಲು ಗೇಯ್ದಿರಬೇಕು, ನಡೆದಿರಬೇಕು, ಇಲ್ಲವೇ ಹೊತ್ತಿರಬೇಕು.

ಕಚೇರಿ ಮಾತ್ರ ಪದವನ್ನು ತಂದಲ್ಲಿಂದಲೇ, ಆ ಬೈಗುಳದ ಸಮೇತ ಇಟ್ಟುಕೊಂಡಿತು. ಬಿಜಾಪುರದ ಆದಿಲಶಾಹಿ, ಸಿರಾದ ಮೊಗಲ ಸುಬಾ, ಹೈದರ್-ಟಿಪ್ಪು, ಪಾರಸಿ ತುಂಬಿದ ಮರಾಠಿಯಲ್ಲಿ ಕಡತ ಬರೆಯುತ್ತಿದ್ದ ಗುಮಾಸ್ತರು, ಹೀಗೆ ಹಲವು ದಾರಿಯಿಂದ ಕಂದಾಯದ ಭಾಷೆ ನಮ್ಮ ಸೀಮೆಗೆ ಇಳಿಯಿತು. ಹಣ ಸಲ್ಲಬೇಕಾದ ದಿನ ಸಲ್ಲಿಸದೆ ಸಡಿಲ ಬಿಟ್ಟವನು ಸುಸ್ತಿ. ಅದಕ್ಕೆ ‘ದಾರ’ ಅಂಟಿಸಿದರು. ದಾರ ಎಂದರೆ ಹೊಂದಿದವನು. ಜಮೀನು ಹೊಂದಿದವನು ಜಮೀನುದಾರ, ಪಾಲು ಹೊಂದಿದವನು ಪಾಲುದಾರ, ಸುಸ್ತಿಯೊಂದನ್ನೇ ಹೊಂದಿದವನು ಸುಸ್ತಿದಾರ. ಇಷ್ಟು ಖಾಲಿ ಆಸ್ತಿಗೆ ಇಷ್ಟು ಗಟ್ಟಿ ಒಡೆತನ ಬರೆದುಕೊಟ್ಟ ಪದ ಕನ್ನಡದಲ್ಲಿ ಮತ್ತೊಂದಿರಲಾರದು.

ಇದರ ಜೊತೆ ಬಂದ ಪದಗಳನ್ನು ಸಾಲಾಗಿ ನಿಲ್ಲಿಸಿದರೆ ಒಪ್ಪಂದ ಮುರಿದಾಗ ಏನೇನಾಗುತ್ತದೆ ಎಂಬುದರ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ವಾಯಿದೆ ಅರಬ್ಬಿಯಲ್ಲಿ ‘ವಅದಾ’, ಅಂದರೆ ಕೊಟ್ಟ ಮಾತು. ನಮ್ಮಲ್ಲಿ ಅದು ಬರೀ ತಾರೀಖು. ಕಂದಾಯದ ಕಿಸ್ತು ಅರಬ್ಬಿಯ ‘ಕಿಸ್ತ್’. ನ್ಯಾಯವಾದ ಪಾಲು, ಸಮಪಾಲು ಎಂಬುದು ಮೂಲ ಅರ್ಥ. ಒಂದೇ ಸಲ ಕೀಳದೆ ಪಾಲು ಮಾಡಿ ಕೇಳುವುದೇ ನ್ಯಾಯ ಎಂಬ ಊಹೆ ಅದರೊಳಗಿದೆ. ತಗಾದೆ ಎಂದರೆ ಮೊದಲು ಬರಬೇಕಾದ್ದನ್ನು ಕೇಳುವುದು, ಅಷ್ಟೆ. ಸಾಲಗಾರನ ಮನೆಗೆ ತಗಾದೆಗೆ ಹೋಗುವುದು ಎಂಬ ಮಾತು ಹಳೆಯ ತಲೆಗಳ ಬಾಯಲ್ಲಿ ಇನ್ನೂ ಇದೆ. ಕೇಳಿ ಕೇಳಿ ಜಗಳವಾಗಿರಬೇಕು, ಈಗ ತಗಾದೆ ತೆಗೆದ ಎಂದರೆ ಜಗಳ ತೆಗೆದ ಎಂದೇ ಅರ್ಥ. ತಕರಾರಿನದೂ ಇದೇ ಪಾಡು. ಅರಬ್ಬಿಯಲ್ಲಿ ಅದು ಮತ್ತೆ ಮತ್ತೆ ಹೇಳುವುದು, ನಮ್ಮಲ್ಲಿ ವ್ಯಾಜ್ಯ. ಬಾಕಿ ಉಳಿದದ್ದು, ವಸೂಲಿ ಬಂದು ಸೇರಿದ್ದು, ಜಪ್ತಿ ಹಿಡಿತಕ್ಕೆ ತೆಗೆದುಕೊಂಡದ್ದು. ಜಪ್ತಿಗೆ ಬರುವ ಕೋರ್ಟಿನ ಅಮೀನ, ಮೂಲದಲ್ಲಿ ನಂಬಿಕಸ್ಥ. ಬಾಗಿಲಲ್ಲಿ ಅವನು ಕಾಣಿಸಿಕೊಂಡಾಗ ಮನೆಯೊಳಗೆ ಯಾರಿಗೂ ಆ ಅರ್ಥ ನೆನಪಾಗದಿದ್ದರೆ ಆಶ್ಚರ್ಯವಿಲ್ಲ. ಕೊನೆಯದು ಹರಾಜು, ಅದೂ ಅರಬ್ಬಿಯದೇ.

ಇಷ್ಟೂ ಪದಗಳು ಬರುವ ಮುಂಚೆ ನಮ್ಮಲ್ಲಿ ಸಾಲ ಇರಲಿಲ್ಲವೇ? ಇತ್ತು. ಸಾಲ ಎಂಬ ಪದ ಅಚ್ಚ ಕನ್ನಡದ್ದು. ಸಾಲದು ಅಂದದ್ದಕ್ಕೇ ಸಾಲ ಎಂಬ ಜನರ ನಿರುಕ್ತಿಯನ್ನು ಭಾಷಾಶಾಸ್ತ್ರ ಒಪ್ಪಬೇಕಾಗಿಲ್ಲ, ಆದರೆ ತರ್ಕ ಪಕ್ಕಾ ಇದೆ. ಬಡ್ಡಿ ಸಂಸ್ಕೃತದ ವೃದ್ಧಿಯಿಂದ ಪ್ರಾಕೃತದ ಹಾದಿ ಹಿಡಿದು ಬಂದದ್ದು. ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೋ ಹಾಲಿಗೋ ಇಷ್ಟು ಗದ್ಯಾಣ ಹೊನ್ನು ಬಿಟ್ಟು, ಅದರ ಬಡ್ಡಿಯಿಂದ ನಡೆಸಿಕೊಂಡು ಬರಬೇಕೆಂದು ಮಹಾಜನರಿಗೋ ವರ್ತಕರಿಗೋ ಒಪ್ಪಿಸಿದ ಸಂಗತಿ ಸಾಮಾನ್ಯ. ಅಸಲು ಎಂದೂ ತೀರಬಾರದು, ಬಡ್ಡಿ ಎಂದೂ ನಿಲ್ಲಬಾರದು. ಅವಧಿ ಆಚಂದ್ರಾರ್ಕ, ಚಂದ್ರಸೂರ್ಯರಿರುವವರೆಗೆ. ದತ್ತಿಯನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆಂದು ಕಲ್ಲಿನ ತುದಿಯಲ್ಲಿ ಶಾಪ ಕೊರೆಯುತ್ತಿದ್ದರು. ಅಂದಿನ ಸುಸ್ತಿ ಬಡ್ಡಿಯ ದರ ಅದು.

ಕೊಡಲಾಗದವನನ್ನು ಏನೆಂದು ಕರೆಯುತ್ತಿದ್ದರು? ಇದಕ್ಕೆ ಉತ್ತರ ಕಲ್ಯಾಣದಲ್ಲಿದೆ. ಅಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವಿಷ್ಣುವರ್ಧನ ಹೆಸರಿಗಾದರೂ ಅವನ ಸಾಮಂತ. ಆ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಸ್ಮೃತಿಯ ಋಣಾದಾನ ಪ್ರಕರಣದಲ್ಲಿ ಸಾಲ ತೀರಿಸಲು ಏನೂ ಉಳಿಯದವನಿಗೆ ‘ಪರಿಕ್ಷೀಣ’ ಎಂಬ ಹೆಸರಿದೆ. ಪೂರ್ತಿ ಸವೆದವನು, ಬಸವಳಿದವನು. ಸುಸ್ತಾದವನು ಎಂದೇ ಕನ್ನಡ ಮಾಡಬಹುದು. ಪಾರಸಿ ಕಡತಕ್ಕೂ ಸಂಸ್ಕೃತ ಸ್ಮೃತಿಗೂ ಯಾವ ಕೊಡುಕೊಳೆಯೂ ಇರಲಿಲ್ಲ. ಆದರೂ ಎರಡೂ ಸಾಲಗಾರನ ಥೈಲಿಯನ್ನು ಬಿಟ್ಟು ಮೈಯನ್ನು ನೋಡಿದವು. ಇಂಗ್ಲಿಷಿನ ಡಿಫಾಲ್ಟಿನ ಫ್ರೆಂಚ್ ದಾಯಾದಿ ಪದಕ್ಕೂ ಬಲಗುಂದಿ ಬೀಳು, ಮೂರ್ಛೆ ಹೋಗು ಎಂಬ ಅರ್ಥವೇ ಇದೆ.

ಹೆಸರು ಒಂದಾದರೂ ಉಪಚಾರ ಒಂದಾಗಿರಲಿಲ್ಲ. ಪರಿಕ್ಷೀಣನಾದವನು ಕೀಳುಜಾತಿಯವನಾದರೆ ಸಾಲಕ್ಕೆ ಬದಲು ಅವನಿಂದ ದುಡಿಸಿಕೊಳ್ಳಬೇಕು; ಬ್ರಾಹ್ಮಣನಾದರೆ ಆದಾಯ ಬಂದ ಹಾಗೆಲ್ಲ ಮೆಲ್ಲಮೆಲ್ಲಗೆ ಕೊಡಿಸಬೇಕು ಎಂಬುದು ಸ್ಮೃತಿಯ ವಿಧಿ. ಅಂದರೆ ಕಂತಿನ ಸೌಲಭ್ಯ ಜಾತಿ ನೋಡಿ ಸಿಗುತ್ತಿತ್ತು. ಮೊದಲನೆಯ ಉಪಚಾರಕ್ಕೆ ಹಳ್ಳಿಯ ಭಾಷೆಯಲ್ಲಿ ಜೀತ ಎನ್ನುತ್ತಾರೆ. ಅದನ್ನು ಕಾನೂನು ತೆಗೆದುಹಾಕಿದ್ದು 1976ರಲ್ಲಿ. ಮಿತಾಕ್ಷರದಿಂದ ಅಲ್ಲಿಗೆ ಎಂಟೂವರೆ ಶತಮಾನಕ್ಕೂ ಮಿಕ್ಕಿದ ಹಾದಿ.

ಋಣ ಎಂಬ ಪದದ ಭಾರವೇ ಬೇರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣಕ್ಕೆ ಒಂದು ಕಂಬವಿದೆ, ಗರುಡಗಂಬ. ಗೋಡೆಯ ಮೇಲಿನ ಶಿಲ್ಪ ನೋಡಿ ಸಾಕಾದ ಪ್ರವಾಸಿಗಳು ಅದರ ಮುಂದೆ ನಿಲ್ಲುವುದು ಕಡಿಮೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಪರಿವಾರದವರು ಅರಸನೊಂದಿಗೇ ಪ್ರಾಣ ಬಿಟ್ಟ ಕಥೆ ಆ ಕಂಬದ್ದು. ತಮ್ಮ ಕತ್ತನ್ನು ತಾವೇ ಕೊಯ್ದುಕೊಳ್ಳುವ ವೀರರನ್ನು ಅದರ ಮೇಲೆ ಬಿಡಿಸಿದ್ದಾರೆ. ಉಂಡ ಜೋಳದ ಋಣಕ್ಕೆ ಜೋಳವಾಳಿ, ಕೊಟ್ಟ ಮಾತಿನ ವೇಳೆಗೆ ಸಾಯುವುದಕ್ಕೆ ವೇಳೆವಾಳಿ ಎಂದು ಹಳಗನ್ನಡದಲ್ಲಿ ಹೆಸರಿತ್ತು. ಋಣ ತೀರುವುದು ಪ್ರಾಣದಿಂದ ಎಂಬ ಈ ಭಾಷೆಯನ್ನು ವೀರಗಲ್ಲುಗಳ ಜೊತೆಗೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬ್ಯಾಂಕಿನ ಸಾಲಕ್ಕೂ ಅದನ್ನು ಹಚ್ಚಿ, ಮಾನ ಹೋಯಿತು ಎಂದು ಹಗ್ಗ ಹುಡುಕಿದವರ ಸುದ್ದಿ ಓದಿದಾಗಲೆಲ್ಲ ನನಗೆ ಕಚೇರಿಯ ಆ ಒಣ ಪದವೇ ಮೇಲೆನಿಸುತ್ತದೆ. ಸುಸ್ತಿ ಎಂದರೆ ದಣಿವು. ದಣಿದವನು ಕೂತು ಸುಧಾರಿಸಿಕೊಂಡು ಏಳಬಹುದು. ಋಣಕ್ಕೆ ಆ ಬಿಡುವಿಲ್ಲ.

ಹೊಯ್ಸಳರ ಕೊನೆಗಾಲದಲ್ಲೇ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಹೇಳಿ ಹೇಳಿ ಸೋತ ಸಾಲಿಗ, ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದರೆ ಮುಗಿಯಿತು, ಹಣ ಕೊಡುವ ತನಕ ಅಥವಾ ಭದ್ರತೆ ಕೊಡುವ ತನಕ ಅವನು ಗೆರೆ ದಾಟುವಂತಿಲ್ಲ. ದೊರೆಯೇ ಹೀಗೆ ಸಿಕ್ಕಿಬಿದ್ದದ್ದನ್ನು, ಪರದೇಶದ ವ್ಯಾಪಾರಿ ದೊರೆಯ ಕುದುರೆಯ ಸಮೇತ ಗೆರೆ ಎಳೆದದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ದೊರೆ ಅಲ್ಲಾಡಲಿಲ್ಲವಂತೆ, ದುಡ್ಡು ತರಿಸಿ ಕೊಟ್ಟನಂತೆ. ಇಂದು ಸಾವಿರಾರು ಕೋಟಿ ಬಾಕಿ ಇಟ್ಟು ಲಂಡನ್ನಿಗೆ ಹೋದವರ ಕಾಲದಲ್ಲಿ ಇದನ್ನು ಓದಿದರೆ ಆ ಗೆರೆಯ ಸುಣ್ಣ ಎಲ್ಲಿ ಸಿಗುತ್ತಿತ್ತೋ ಅನ್ನಿಸುತ್ತದೆ.

ಸುಸ್ತಿಗೆ ಪಕ್ಕಾ ನೆಲೆ ಸಿಕ್ಕಿದ್ದು ಸಹಕಾರ ಚಳವಳಿಯಲ್ಲಿ. 1904ರ ಕಾಯಿದೆಯ ಬೆನ್ನಿಗೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ರೆಗ್ಯುಲೇಷನ್ ತಂದಿತು. ಅಲ್ಲಿಯವರೆಗೆ ಬಾಕಿ ಇಟ್ಟವನು ಸರ್ಕಾರಕ್ಕೋ ಸಾಹುಕಾರನಿಗೋ ಸುಸ್ತಿ. ಈಗ ತಾನೇ ಷೇರು ಹಾಕಿದ, ತಾನೇ ಓಟು ಹಾಕುವ ಸಂಘಕ್ಕೆ ಸುಸ್ತಿ. ಸುಸ್ತಿಯಾದವನು ಆಡಳಿತ ಮಂಡಳಿಯಲ್ಲಿ ಕೂರುವಂತಿಲ್ಲ. ಹಾಗಾಗಿ ಸಂಘದ ಚುನಾವಣೆ ಬಂದಾಗ ಎದುರಾಳಿಯ ಖಾತೆ ಸುಸ್ತಿಯೋ ಚಾಲ್ತಿಯೋ ಎಂಬುದು ಅವನ ಜಾತಿಬಲಕ್ಕಿಂತ ಮುಂಚೆ ವಿಚಾರಣೆಗೆ ಬರುತ್ತದೆ.

ಚಾಲ್ತಿ, ಸುಸ್ತಿ. ಈ ಜೋಡಿಯ ನಡುವಿನ ಗೆರೆ ಎಷ್ಟು ಚೂಪು ಎಂಬುದು ಬಡ್ಡಿರಹಿತ ಸಾಲದಲ್ಲಿ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಸಂಘಗಳ ಮೂಲಕ ಕೊಡುವ ಬೆಳೆ ಸಾಲ ಮೊದಲು 3 ಲಕ್ಷದವರೆಗೆ, 2023ರ ಬಜೆಟ್ಟಿನ ಮೇಲೆ 5 ಲಕ್ಷದವರೆಗೆ ಶೂನ್ಯ ಬಡ್ಡಿ. ಷರತ್ತು ಒಂದೇ, ವಾಯಿದೆಯೊಳಗೆ ಕಟ್ಟಬೇಕು. ತಪ್ಪಿದರೆ ಸರ್ಕಾರ ಕೊಡುವ ಬಡ್ಡಿ ಸಹಾಯಧನ ಕಳಚಿಕೊಳ್ಳುತ್ತದೆ, ಸೊನ್ನೆಯಿದ್ದ ಜಾಗದಲ್ಲಿ ಬಡ್ಡಿ ಬಂದು ಕೂರುತ್ತದೆ, ಮೇಲೆ ಸುಸ್ತಿ ಬಡ್ಡಿ. ಒಂದು ವಾರ ತಡವಾದವನಿಗೂ ಕೊಡುವ ಮನಸ್ಸೇ ಇಲ್ಲದವನಿಗೂ ಒಂದೇ ಹೆಸರು. ಆದ್ದರಿಂದ ಗಡುವು ಹತ್ತಿರ ಬಂದಾಗ ಹಳ್ಳಿಯಲ್ಲಿ ನಡೆಯುವುದು ‘ಕಟ್ಟಿ ಎತ್ತೋದು’. ಕೈಸಾಲಕ್ಕೆ ಯಾರಿಂದಲೋ ದುಡ್ಡು ತಂದು ಬೆಳಗ್ಗೆ ಸಂಘಕ್ಕೆ ಕಟ್ಟುವುದು, ಹೊಸ ಸಾಲ ಮಂಜೂರಾಗುತ್ತಲೇ ಎತ್ತಿ ಕೈಸಾಲದವನಿಗೆ ಕೊಡುವುದು. ನಾಲ್ಕಾರು ದಿನದ ಆ ಕೈಬದಲಿಗೆ ಕೊಡುವ ಬಡ್ಡಿಯನ್ನು ಶೂನ್ಯ ಬಡ್ಡಿಯ ಸಾಲದ ನಿಜವಾದ ಬಡ್ಡಿ ಎನ್ನಬೇಕು. ಲೆಜರಿನಲ್ಲಿ ಮಾತ್ರ ಎಲ್ಲವೂ ಚಾಲ್ತಿ. ಹೊಸ ಸಾಲ ಎಂಬುದು ಹಳೇ ಸಾಲಕ್ಕೆ ಹಾಕಿದ ಹೊಸ ತಾರೀಖು.

ಈ ಆಟ ನಿಂತುಹೋಗುವುದು ಬೆಳೆ ಕೈಕೊಟ್ಟಾಗ. ಬೇಲೂರು, ಹಳೇಬೀಡಿನ ಕಡೆ ಅದು ಆಲೂಗಡ್ಡೆ. ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆಯನ್ನು ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಕೊಂಡು, ಮುಂಗಾರಿನ ಹದಕ್ಕೆ ನೆಟ್ಟು, ಗಿಡ ಹಸಿರಾಗಿ ಹರಡಿದ ಮೇಲೆ ಮೋಡ ಕವಿದು ಜಡಿ ಹಿಡಿದರೆ ಅಂಗಮಾರಿ. ಎಲೆಯ ಅಂಚಿನಲ್ಲಿ ನೀರು ನೆನೆದಂಥ ಚುಕ್ಕೆ ಕಂಡದ್ದಷ್ಟೇ ಗೊತ್ತು, ಕೆಲವೇ ದಿನದಲ್ಲಿ ಹೊಲಕ್ಕೆ ಹೊಲವೇ ಬೆಂದುಹೋದ ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಹೊಡೆಯುತ್ತದೆ. ಬೀಜ, ಗೊಬ್ಬರ, ಔಷಧಿ, ಮೂರೂ ಸಾಲದ್ದು. ಗೆಡ್ಡೆ ಮಾತ್ರ ಸುಸ್ತಿ.

ಅರಸೀಕೆರೆಯದು ಬೇರೆ ಕಥೆ. ಅಲ್ಲಿ ತೆಂಗು. ಸತತ ಬರದಲ್ಲಿ ಕೊಳವೆಬಾವಿ ಬತ್ತಿ, ತಲೆಮಾರಿನ ಮರಗಳು ಸುಳಿ ಒಣಗಿ ಕಂಬವಾಗಿ ನಿಂತದ್ದನ್ನು ಅರಸೀಕೆರೆಯಿಂದ ತಿಪಟೂರಿನ ರೈಲುದಾರಿಯ ಎರಡೂ ಬದಿ ಕಿಟಕಿಯಿಂದಲೇ ಎಣಿಸಬಹುದಿತ್ತು. ಮರ ಉಳಿದವರಿಗೆ ಬೆಲೆಯ ಕಾಟ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ 8,000ದ ಆಸುಪಾಸು. ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರಾತ್ರಿಯಿಡೀ ಸರದಿಯಲ್ಲಿ ನಿಂತವರಿದ್ದಾರೆ. 2025ರ ನಡುವಿಗೆ ಅದೇ ಕೊಬ್ಬರಿ 20,000 ದಾಟಿತು. ಆದರೆ 2023ರ ವಾಯಿದೆಗೆ 2025ರ ಬೆಲೆಯನ್ನು ಕಟ್ಟಲು ಬರುವುದಿಲ್ಲ. ಆ ಹೊತ್ತಿಗೆ ಕಾಯಿ ಇಟ್ಟುಕೊಂಡು ಕಾಯುವ ತ್ರಾಣ ಯಾರಿಗಿತ್ತೋ ಅವರು ಗೆದ್ದರು. ಬ್ಯಾಂಕಿನ ನೋಟಿಸಿಗೆ ಹೆದರಿ ಮಾರಿದವರು ಪ್ರಾಮಾಣಿಕರೆನಿಸಿಕೊಂಡು ಸೋತರು.

ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡಿನ ಕಡೆಯ ಕಾಫಿಯವರ ಸುಸ್ತಿಗೆ ಇಂಗ್ಲಿಷ್ ಹೆಸರುಗಳಿವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿ ಬೆಲೆ ಪಾತಾಳ ಕಂಡಾಗ ಬೆಳೆಗಾರರ ಹಳೇ ಸಾಲಗಳನ್ನೆಲ್ಲ ಒಟ್ಟು ಮಾಡಿ 2002ರಲ್ಲಿ ‘ಸ್ಪೆಷಲ್ ಕಾಫಿ ಟರ್ಮ್ ಲೋನ್’ ಎಂದು ಕಟ್ಟಿದರು. ಅದರ ಕಂತೂ ನಡೆಯಲಿಲ್ಲ, 2005ರಲ್ಲಿ ಮತ್ತೆ ಅವಧಿ ಹೊಂದಿಸಿದರು. ಅದೂ ಸಾಲದೆ 2010ರಲ್ಲಿ ಸಾಲ ಪರಿಹಾರ ಪ್ಯಾಕೇಜ್ ಬಂತು. ಮುರಿದ ಒಪ್ಪಂದಕ್ಕೆ ಹೊಸ ಒಪ್ಪಂದ, ಅದು ಮುರಿದರೆ ಮತ್ತೊಂದು. ಪ್ರತಿ ಸಲವೂ ತಡೆದ ಬಡ್ಡಿ ಅಸಲಿನೊಳಗೆ ಸೇರಿಕೊಳ್ಳುವುದರಿಂದ, ಮೊದಲು ಎಷ್ಟು ಎತ್ತಿದ್ದೆವು ಎಂಬುದು ಮನೆಯವರಿಗೇ ಮರೆಯುತ್ತದೆ. ಇತ್ತೀಚೆಗೆ ಕೇಳಿಬರುತ್ತಿರುವುದು ಸರ್ಫೇಸಿ. ಕೋರ್ಟಿಗೆ ಹೋಗದೆ, 60 ದಿನದ ನೋಟಿಸು ಕೊಟ್ಟು ಅಡಮಾನದ ಆಸ್ತಿಯನ್ನು ಬ್ಯಾಂಕೇ ಹರಾಜಿಗಿಡಬಹುದಾದ 2002ರ ಕಾಯಿದೆ ಅದು. ವ್ಯವಸಾಯದ ಜಮೀನಿಗೆ ಅದು ತಾಗುವುದಿಲ್ಲ. ಹಾಗಾದರೆ ಕಾಫಿ ತೋಟ ವ್ಯವಸಾಯವೋ ಅಲ್ಲವೋ? ಭೂಸುಧಾರಣೆಯಿಂದ ತಪ್ಪಿಸಿಕೊಳ್ಳುವಾಗ ನಿಮ್ಮದು ಪ್ಲಾಂಟೇಷನ್ ಆಗಿತ್ತಲ್ಲ ಎಂದು ಬ್ಯಾಂಕಿನವರು. ಮಳೆ, ಬೇರು, ಕೂಲಿ ನಂಬಿ ಬದುಕುವುದು ವ್ಯವಸಾಯವಲ್ಲದೆ ಇನ್ನೇನು ಎಂದು ಬೆಳೆಗಾರರು. ಎರಡು ಮಾತಿಗೂ ಬಲವಿದೆ. ಪೇಪರಿನಲ್ಲಿ ಇ-ಹರಾಜಿನ ಜಾಹೀರಾತು ಬಂದ ಬೆಳಗ್ಗೆ ಮಾತ್ರ ಯಾರೂ ಪದದ ಅರ್ಥ ಚರ್ಚಿಸುವುದಿಲ್ಲ, ಗಡಿ, ಸರ್ವೆ ನಂಬರು ನಮ್ಮದೇನಾ ಎಂದು ನೋಡುತ್ತಾರೆ.

ಬ್ಯಾಂಕಿನವರು ಕೊನೆಯ ಅವಕಾಶ ಎಂದು ಕೊಡುವುದು ಓಟಿಎಸ್. ಒಂದೇ ಸಲಕ್ಕೆ ಇಷ್ಟು ಕಟ್ಟಿ, ಉಳಿದದ್ದು ಬಿಟ್ಟೆವು ಎಂಬ ರಾಜಿ. ಒಂದೇ ಸಲ ಎಂಬ ಹೆಸರಿದ್ದರೂ ಅದನ್ನೂ ಕಂತಿನಲ್ಲಿ ಕಟ್ಟಲು ಒಪ್ಪುವುದುಂಟು. ಆ ಕಂತು ತಪ್ಪಿತೋ, ರಾಜಿ ಬಿದ್ದುಹೋಗಿ ಬಿಟ್ಟಿದ್ದ ಬಡ್ಡಿಯೆಲ್ಲ ಎದ್ದು ಬರುತ್ತದೆ. ಅಷ್ಟರಲ್ಲಿ ಕಟ್ಟಿದ್ದು ಮೂಲ ಸಾಲದ ಬಾಯಿಗೆ ಹೋಗುತ್ತದೆ. ಓಟಿಎಸ್ ಕೊಡಿ ಎಂದು ಸಾಲಗಾರ ಹಕ್ಕಿನಿಂದ ಕೇಳುವಂತಿಲ್ಲ ಎಂದು 2021ರಲ್ಲಿ, ಅದರ ಗಡುವನ್ನು ಹೈಕೋರ್ಟು ರಿಟ್ ಅರ್ಜಿಯ ಮೇಲೆ ವಿಸ್ತರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸಂಘದ ಸುಸ್ತಿಗೆ ಇಂಥ ಥಳುಕಿಲ್ಲ. ಸಹಕಾರ ಕಾಯಿದೆಯ 70ನೇ ಕಲಮಿನಡಿ ದಾವೆ, ಐತೀರ್ಪು, ಆಮೇಲೆ ಅಮಲ್ಜಾರಿ, ಕೊನೆಗೆ ಮಾರಾಟಾಧಿಕಾರಿ. ಸಿವಿಲ್ ಕೋರ್ಟಿನ ದಾರಿ ಇನ್ನೂ ಹಳೆಯದು, ಇನ್ನೂ ವಿಚಿತ್ರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯಿದೆ: ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ನೇಗಿಲು ನೊಗ, ಉಳುವ ದನ, ಬಿತ್ತನೆ ಕಾಳು, ಧರ್ಮದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ಬಡವನ ಮನೆಯನ್ನು ಕಣ್ಣಾರೆ ಕಂಡ ಯಾರೋ ಬರೆದ ಹಾಗಿದೆ. ಅದೇ ಸಂಹಿತೆ, ಜಮೀನು ಜಪ್ತಿಯಾದಾಗ ಸ್ಥಳದಲ್ಲೇ ಡೋಲು ಬಡಿದೋ ರೂಢಿಯ ಬೇರೆ ರೀತಿಯಲ್ಲೋ ಸಾರಬೇಕು ಎನ್ನುತ್ತದೆ. ‘ಮನೆ ಮುಂದೆ ಟಾಂಟಾಂ ಹೊಡೆಸ್ತೀನಿ’ ಎಂಬ ಬೆದರಿಕೆ ಹುಟ್ಟಿದ್ದು ಅಲ್ಲಿಂದ. ಸಾಲಗಾರನನ್ನು ಸಿವಿಲ್ ಜೈಲಿಗೂ ಹಾಕಿಸಬಹುದು, ಹೆಚ್ಚೆಂದರೆ ಮೂರು ತಿಂಗಳು. ಆದರೆ ಅಲ್ಲಿ ಅವನ ಊಟದ ಭತ್ಯೆಯನ್ನು ಸಾಲ ಕೊಟ್ಟವನೇ ಕಟ್ಟಬೇಕು. ಭತ್ಯೆ ನಿಂತರೆ ಬಿಡುಗಡೆ. ಸಾಲ ಕೊಟ್ಟವನು ದಿನಾ ಅನ್ನಕ್ಕೂ ಕೊಟ್ಟು, ಮೂರು ತಿಂಗಳಾದ ಮೇಲೆ ಆ ಇಬ್ಬರಲ್ಲಿ ಸುಸ್ತಾದವನು ಯಾರೆಂದು ಹೇಳುವುದು ಕಷ್ಟ. ದುಡ್ಡಿನ ಡಿಕ್ರಿಗೆ ಹೆಂಗಸರನ್ನು ಮಾತ್ರ ಹಿಡಿಯುವಂತಿಲ್ಲ.

ಬಾಗಿಲು ಕಿತ್ತುಕೊಂಡು ಹೋಗುವ ಜಪ್ತಿಗೆ 1980ರ ದಶಕದಲ್ಲಿ ಕನ್ನಡ ಒಂದು ಪದ ಹೆತ್ತಿತು: ಮರುಜಪ್ತಿ. ಎಂ.ಡಿ. ನಂಜುಂಡಸ್ವಾಮಿ, ಎನ್.ಡಿ. ಸುಂದರೇಶ್ ಮೊದಲಾದವರ ರೈತಸಂಘವು ಬ್ಯಾಂಕು, ಸೊಸೈಟಿಗಳು ಎತ್ತಿಕೊಂಡು ಹೋದ ಸಾಮಾನನ್ನು ಹಸಿರು ಶಾಲಿನವರ ಗುಂಪು ಕಟ್ಟಿಕೊಂಡು ಹೋಗಿ ವಾಪಸ್ಸು ತರುತ್ತಿತ್ತು. ಅಪ್ಪಣೆಯಿಲ್ಲದೆ ವಸೂಲಿಗೆ ಬರಬಾರದೆಂದು ಊರ ಬಾಗಿಲಿಗೆ ಬೋರ್ಡು ಹಾಕಿದರು. ಲೇವಿ, ಬೆಲೆ, ಕರಗಳ ಲೆಕ್ಕ ತೆಗೆದರೆ ರೈತನಿಗೆ ಬರಬೇಕಾದ್ದೇ ಹೆಚ್ಚು, ಬಾಕಿದಾರ ಸರ್ಕಾರವೇ ಎಂಬುದು ಅವರ ವಾದ. ಅರಬ್ಬಿಯ ಜಪ್ತಿಗೆ ಕನ್ನಡದ ಮರು ಸೇರಿಸಿದ್ದು ನಮ್ಮ ಭಾಷೆಯಲ್ಲಿ ಸಾಲಗಾರನ ಕಡೆಯಿಂದ ಹುಟ್ಟಿದ ಅಪರೂಪದ ಪದ. ಉಳಿದದ್ದೆಲ್ಲ ಕೊಟ್ಟವರ ಕಡೆಯ ನಿಘಂಟು.

ಸುಸ್ತಿಗೆ ಒಮ್ಮೆ ಭಾಗ್ಯವೂ ಬಂತು. 2018ರ ಜುಲೈ 5ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಜೆಟ್ಟಿನಲ್ಲಿ ಸುಮಾರು 34,000 ಕೋಟಿಯ ಬೆಳೆ ಸಾಲ ಮನ್ನಾ ಸಾರಿದರು. 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಸಾಲದಲ್ಲಿ ಕುಟುಂಬಕ್ಕೆ 2 ಲಕ್ಷದವರೆಗೆ ಮನ್ನಾ; ಸಕಾಲಕ್ಕೆ ಕಟ್ಟಿದವರಿಗೆ ಪ್ರೋತ್ಸಾಹವೆಂದು ಗರಿಷ್ಠ 25,000. ಹಾಸನ ಜಿಲ್ಲೆಯ ಹರದನಹಳ್ಳಿಯಲ್ಲಿ ಹುಟ್ಟಿದ ಮುಖ್ಯಮಂತ್ರಿಗೆ ಮೊದಲ ತಕರಾರು ತವರು ಜಿಲ್ಲೆಯಲ್ಲೂ ಕೇಳಿಸಿರಬೇಕು. ಓಲೆ ಅಡವಿಟ್ಟು ಸಾಲ ಕಟ್ಟಿದವರು, ಕಟ್ಟಿ ಎತ್ತಿ ಚಾಲ್ತಿ ಉಳಿಸಿಕೊಂಡವರು ಬೆಪ್ಪಾದರು. ‘ಸುಸ್ತಿ ಆಗ್ಬೇಕಿತ್ತು ಕಣಯ್ಯ’ ಎಂಬ ಮಾತು ಅರಳಿಕಟ್ಟೆಗಳಲ್ಲಿ ಓಡಾಡಿತು. ಒಂದು ವಾರದೊಳಗೆ ಸಹಕಾರ ಸಂಘಗಳ ಚಾಲ್ತಿ ಸಾಲಕ್ಕೂ 1 ಲಕ್ಷದವರೆಗೆ ಮನ್ನಾ ಸೇರಿಸಬೇಕಾಯಿತು. ಬೈಗುಳವಾಗಿ ಬಂದ ಪದ ಆ ಒಂದು ವಾರ ಅರ್ಹತೆಯಾಗಿ ಬದಲಾಗಿತ್ತು.

ಈಗ ಹಳ್ಳಿಯ ಕೇರಿಗಳಲ್ಲಿ ಹೆಚ್ಚು ಓಡುವ ಸಾಲಕ್ಕೆ ಈ ಪದವೇ ಬೇಕಾಗಿಲ್ಲ. ಮೈಕ್ರೋಫೈನಾನ್ಸಿನವರ ಭಾಷೆ ಬೇರೆ. ಅಲ್ಲಿ ಸಂಘ ಎಂದರೆ ಹೆಂಗಸರ ಗುಂಪು, ವಾಯಿದೆ ಎಂದರೆ ಇಂಥ ವಾರ, ಇಂಥ ಮನೆಯ ಜಗಲಿ, ಬೆಳಗಿನ ಮೀಟಿಂಗು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ತುಂಬುವವರೆಗೆ ಯಾರೂ ಏಳುವಂತಿಲ್ಲ. ‘ಪೆಂಡಿಂಗ್’, ‘ಓಡಿ’ (ಓವರ್‌ಡ್ಯೂ) ಎಂಬ ಚುಟುಕು ಪದಗಳು ಸಾಕು, ಏಕೆಂದರೆ ಪಟ್ಟಿ ಅಂಟಿಸುವ ಗೋಡೆಯೂ ನೋಟಿಸು ಕೊಡುವ ಅಂಚೆಯೂ ಅಲ್ಲಿ ನೆರೆಯವರೇ. ಸಿವಿಲ್ ಜೈಲಿಗೆ ಹಾಕಲಾಗದ ಹೆಂಗಸರ ಬಾಗಿಲಲ್ಲಿ ಏಜೆಂಟರು ಕತ್ತಲಾಗುವವರೆಗೆ ಕೂತರು. 2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಜಾರಿಯಾಯಿತು. ವಸೂಲಿಗೆ ಬಲಾತ್ಕಾರ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಾಜ್ಯಪಾಲರು ಅದನ್ನು ಒಮ್ಮೆ ವಾಪಸ್ಸು ಕಳಿಸಿ ಆಮೇಲೆ ರುಜು ಹಾಕಿದರು. ಮಾರ್ಕೊ ಪೋಲೊ ಕಂಡ ಗೆರೆಯನ್ನು ಸಾಲಗಾರ ದಾಟುವಂತಿರಲಿಲ್ಲ. ಈ ಕಾಯಿದೆ ಸಾಲಿಗನ ಕಾಲಮುಂದೆ ಒಂದು ಗೆರೆ ಎಳೆದಿದೆ.

ಹೊಸ ತಲೆಮಾರಿನವರು ಸುಸ್ತಿ ಅನ್ನುವುದಿಲ್ಲ. ಬೈಕಿನ ಇಎಂಐ ಮೂರು ಸಲ ಬೌನ್ಸಾದ ಹುಡುಗ ಹೇಳುವುದು ‘ಸಿಬಿಲ್ ಹೋಯ್ತು’ ಎಂದು. ಸಾಲಗಾರರಿಗೆ ಅಂಕ ಹಾಕುವ ಮುಂಬೈಯ ಒಂದು ಕಂಪನಿಯ ಹೆಸರು ಅರಸೀಕೆರೆಯ ಮೊಬೈಲ್ ಅಂಗಡಿಯಲ್ಲಿ ಮಾನ, ಜಾತಕ, ಹಣೆಬರಹಗಳ ಜಾಗದಲ್ಲಿ ಕೂತಿದೆ. ಹೆಣ್ಣು ಕೊಡುವ ಮನೆಯವರು ಕೇಳಿದ್ದೂ ಉಂಟಂತೆ. ಆ ಹುಡುಗನ ಅಪ್ಪನ ಸಾಲ ಮಾತ್ರ ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ, ಋಣಗಳು ಎಂಬ ಶೀರ್ಷಿಕೆಯ ಕೆಳಗೆ, ಸಂಘದ ಹೆಸರು ಮೊತ್ತ ಸಮೇತ ಇದೆ. ಅದನ್ನು ತೆಗೆಸಬೇಕಾದರೆ ಬೇಬಾಕಿ ಪತ್ರ ಬೇಕು. ಕಾರ್ಯದರ್ಶಿ ಇವತ್ತು ರಜ.